ಎರಡನೇ ಮಗ್ಗದ ಸದ್ದು

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಅರ್ಧಕ್ಕೇ ಪುಟ ತಿರುಗಿಸಿಬಿಡುತ್ತಿದ್ದೆ. ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಶುರು ಮಾಡಿದರೆ ನಮ್ಮ ಅತ್ತೆಯ ಎದುರಿಗೇ ನಕ್ಕದ್ದೂ ಉಂಟು. ಆದ್ದರಿಂದ ನೀವು ಇದನ್ನು ಅರ್ಧಕ್ಕೆ ಬಿಟ್ಟರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದಕ್ಕೆ ಕಾರಣ ಏನು ಅಂತ ಕೇಳಿದರೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಈಗಲೂ ಇಲ್ಲ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯ್ಗೆಯ ಮನೆ. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ ಮೂರೇ ಜನ. ಹಿತ್ತಲ ಕಡೆ ತಗಡಿನ ಬಾಗಿಲಿನ ಒಂದು ಉದ್ದನೆಯ ಕೋಣೆ ಇದೆ, ಅದನ್ನು ಮಗ್ಗದ ಮನೆ ಅನ್ನುತ್ತೇವೆ. ಅದರೊಳಗೆ ಎರಡು ಪವರ್‌ಲೂಮ್. ನಮ್ಮ ಓಣಿಯಲ್ಲಿ ಹೆಚ್ಚು ಕಡಿಮೆ ಎಲ್ಲರ ಮನೆಯ ಹಿಂದೆಯೂ ಹೀಗೇ. ಬೇರೆ ಊರಿನಿಂದ ಬಂದವರಿಗೆ ಆ ಸದ್ದು ತಲೆನೋವು. ನಮಗೆ ಅದು ನಿಂತರೇ ಎಚ್ಚರವಾಗುತ್ತದೆ. ನನ್ನ ನಾದಿನಿ ಗೀತಾಳನ್ನು ಪಕ್ಕದ ಓಣಿಗೇ ಕೊಟ್ಟಿದ್ದಾರೆ. ಮಧ್ಯಾಹ್ನ ಊಟ ಮುಗಿಸಿ ಬಂದು, ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಸುತ್ತಿಕೊಡುತ್ತಿದ್ದಳು. ನಾವಿಬ್ಬರೂ ಅತ್ತಿಗೆ ನಾದಿನಿ ಅನ್ನುವುದಕ್ಕಿಂತ ಗೆಳತಿಯರ ಹಾಗೆ ಇದ್ದೆವು.

ನನಗೆ ಚಿಕ್ಕಂದಿನಿಂದ ಒಬ್ಬ ಹಳೆಯ ಗಾಯಕಿಯ ಹಾಡೆಂದರೆ ಪ್ರಾಣ. ಅವರ ಹೆಸರು ಬರೆದು ಸುಮ್ಮನೆ ಇದರಲ್ಲಿ ಎಳೆಯುವುದು ಬೇಡ. ಅವರ ಅಭಿಮಾನಿಗಳದ್ದೊಂದು ಗ್ರೂಪ್ ಫೋನಿನಲ್ಲಿ ಇದೆ ಅಂತ ಗೊತ್ತಾದಾಗ ನಾನೂ ಸೇರಿಕೊಂಡೆ. ಅದನ್ನು ಮಾಡಿದವರು ನೆಲಮಂಗಲದ ರುದ್ರೇಶಣ್ಣ, ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹಾಡಿನ ವಿಷಯ ಅಲ್ಲಿ ಬರುತ್ತಿದ್ದದ್ದು ಸ್ವಲ್ಪವೇ. ಬೆಳಿಗ್ಗೆ ಎದ್ದರೆ ತಿಂಡಿ ಏನು, ಪೇಟೆಗೆ ಅವರೆಕಾಯಿ ಬಂತಾ, ಯಾರಿಗೆ ಶೀತ, ಯಾರ ಮನೆಯಲ್ಲಿ ನೀರು ಬಂದಿಲ್ಲ, ಇಂಥವೇ. ಇದೇ ಗ್ರೂಪಿನಲ್ಲಿ ನನಗೆ ನಮ್ಮೂರಿಗೆ ಹತ್ತಿರದ ವಿಜಯಪುರದ ಪುಷ್ಪ ಸಿಕ್ಕಿದ್ದು. ಅವಳ ಗಂಡ ರೇಷ್ಮೆ ನೂಲು ಹುರಿ ಮಾಡುವ ಮಿಷನ್ ಇಟ್ಟುಕೊಂಡಿದ್ದಾರೆ. ದಾರದ ಕೆಲಸದ ಮನೆಯವರು ಅಂತಲೋ ಏನೋ, ಇಬ್ಬರಿಗೂ ಬೇಗ ಹೊಂದಿಕೆಯಾಯಿತು. ಒಂದೆರಡು ಸಲ ಒಬ್ಬರ ಮನೆಗೊಬ್ಬರು ಹೋಗಿಬಂದೂ ಇದ್ದೆವು.

ಆ ಗ್ರೂಪಿನಲ್ಲಿ ಲಲಿತಾ ಅಂತ ಒಬ್ಬಳಿದ್ದಳು. ಫೋಟೋ ಇರಲಿಲ್ಲ. ಊರು ಕೇಳಿದರೆ "ಇಲ್ಲೇ ದೊಡ್ಡಬಳ್ಳಾಪುರದ ಕಡೆ" ಅನ್ನುತ್ತಿದ್ದಳು. ಹೆಚ್ಚು ಮಾತಿಲ್ಲ, ಆದರೆ ಯಾರು ಏನು ಬರೆದರೂ ಒಂದು ಒಳ್ಳೆಯ ಮಾತು ಬರೆಯುವ ಸ್ವಭಾವ. ಯಾರಿಗೂ ಅವಳ ಮೇಲೆ ಬೇಸರವಿರಲಿಲ್ಲ. ನನಗೂ ಇರಲಿಲ್ಲ.

ನಾನು ಮೊದಲು ಗಮನಿಸಿದ್ದು ಸಾರಿನ ವಿಷಯ. ಒಂದು ದಿನ ಹುರುಳಿಕಾಳು ಸಾರಿಗೆ ಒಗ್ಗರಣೆ ಹಾಕಿ ಫೋನ್ ತೆಗೆದರೆ, "ನಮ್ಮನೇಲಿ ಇವತ್ತು ಹುರುಳಿಕಾಳು ಸಾರು" ಅಂತ ಲಲಿತಾ ಬರೆದಿದ್ದಳು. ನಮ್ಮ ಕಡೆ ಹುರುಳಿ ಸಾರು ಮಾಡದವರು ಯಾರು ಅಂದುಕೊಂಡು ಸುಮ್ಮನಾದೆ. ಇನ್ನೊಂದು ಸಲ ಅತ್ತೆ ಬಚ್ಚಲಲ್ಲಿ ಜಾರಿ ಮಂಡಿ ಊದಿಸಿಕೊಂಡರು. ಎಣ್ಣೆ ಕಾಯಿಸಿ ಹಚ್ಚಿ, ಕೈ ತೊಳೆದುಕೊಂಡು ಬಂದು ನೋಡುತ್ತೇನೆ, "ಅತ್ತೆಗೆ ಮಂಡಿ ನೋವು, ಎಣ್ಣೆ ಹಚ್ಚಿ ಬಂದೆ" ಅಂತ ಅವಳದೇ ಮೆಸೇಜು. ಆಗ ಸ್ವಲ್ಪ ಚುರುಕ್ಕೆಂದಿತು. ವಯಸ್ಸಾದ ಅತ್ತೆಯಂದಿರಿಗೆಲ್ಲ ಮಂಡಿ ನೋವೇ ಅಂತ ಮತ್ತೆ ಸಮಾಧಾನ ಮಾಡಿಕೊಂಡೆ. ಆದರೆ ಅಂದಿನಿಂದ ಅವಳ ಮೆಸೇಜು ಬಂದರೆ ಎರಡೆರಡು ಸಲ ಓದುವ ಹಾಗಾಯಿತು.

ಆಮೇಲೆ ಅವಳು ಬರೆಯುವುದು ಬಿಟ್ಟು ಮಾತಾಡಿ ಕಳಿಸಲು ಶುರು ಮಾಡಿದಳು. ಶೀತವಾದವರ ಹಾಗೆ ಸ್ವಲ್ಪ ಮೂಗಿನ ದನಿ. ಮೊದಲನೆಯದನ್ನೇ ಕೇಳಿದಾಗ ಫೋನನ್ನು ಕಿವಿಗೆ ಒತ್ತಿಕೊಂಡೆ. ಅವಳ ಮಾತಿನ ಹಿಂದೆ ಮಗ್ಗ ಓಡುತ್ತಿತ್ತು. ಮಗ್ಗ ಓಡುವುದು ನಮ್ಮೂರಿನಲ್ಲಿ ವಿಶೇಷವಲ್ಲ. ಆದರೆ ಅದು ನಮ್ಮ ಎರಡನೇ ಮಗ್ಗ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಾಳಿ ಆ ಕಡೆಗೆ ಹೋದಾಗ ಒಂದು ಏಟು, ಈ ಕಡೆಗೆ ಬಂದಾಗ ಒಂದು ಏಟು, ಮಗ್ಗದ ಸದ್ದೆಂದರೆ ಅಷ್ಟೇ. ನಮ್ಮ ಎರಡನೇ ಮಗ್ಗದಲ್ಲಿ ಲಾಳಿ ಬಂದು ಬಡಿಯುವ ಕಡೆ ಚರ್ಮದ ಪಟ್ಟಿ ಸವೆದುಹೋಗಿತ್ತು. ನಮ್ಮ ಮನೆಯವರು ಅಲ್ಲಿಗೆ ಸೈಕಲ್ ಟೈರಿನ ತುಂಡೊಂದನ್ನು ಕಟ್ಟಿದ್ದರು. ಅದಕ್ಕೇ ಈ ಕಡೆಯ ಏಟು ಒಂದಾಗಿ ಬೀಳದೆ ಒಂದೂವರೆಯಾಗಿ ಬೀಳುತ್ತಿತ್ತು, ಕುಂಟುವವರ ಹೆಜ್ಜೆಯ ಹಾಗೆ. ನಮ್ಮ ಅತ್ತೆ ಅದಕ್ಕೆ "ಕುಂಟಮ್ಮ" ಅಂತಲೇ ಹೆಸರಿಟ್ಟಿದ್ದರು. ಆ ಸದ್ದಿಗೆ ಹತ್ತಿರದ ಸದ್ದನ್ನು ನಾನು ನಮ್ಮೂರಿನ ಬೇರೆ ಯಾರ ಮನೆಯಲ್ಲೂ ಕೇಳಿಲ್ಲ.

ಅವಳ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಮಾತಿನ ಕೊನೆಯಲ್ಲಿ ತಗಡಿನ ಬಾಗಿಲು ನೆಲಕ್ಕೆ ಉಜ್ಜಿಕೊಂಡು ತೆರೆದ ಕಿರ್ರ್ ಸದ್ದೂ ಇತ್ತು. ನಮ್ಮ ಮಗ್ಗದ ಮನೆಯ ಬಾಗಿಲು ಹಾಗೇ ಉಜ್ಜುತ್ತದೆ.

ನನಗೆ ಹೆದರಿಕೆ ಆಗಲಿಲ್ಲ. ಸಿಟ್ಟು ಬಂತು. ಯಾರೋ ನಮ್ಮ ಮನೆಯೊಳಗೇ ನಿಂತು ಆಟ ಆಡಿಸುತ್ತಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಪುಷ್ಪಳಿಗೆ ಫೋನ್ ಮಾಡಿ, ಲಲಿತಾ ಯಾರ ಕಡೆಯವಳು ಅಂತ ಕೇಳಿದೆ.

"ನಿಮ್ಮ ಕಡೆಯವಳಲ್ವೇನೆ? ನೀನೇ ಸೇರಿಸಿದ್ದು ಅಂದ್ಕೊಂಡಿದ್ದೆ" ಅಂದಳು ಪುಷ್ಪ.

ರುದ್ರೇಶಣ್ಣನವರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. "ನೀವೇ ಅಲ್ವೇನಮ್ಮಾ ನಂಬರ್ ಕೊಟ್ಟಿದ್ದು? ನಮ್ಮ ಪಕ್ಕದವರೇ, ಚೆನ್ನಾಗಿ ಹಾಡ್ತಾರೆ ಅಂದ್ರಿ. ಫೋನ್ ಮಾಡಿ ಹೇಳಿದ್ರಲ್ಲ."

ನಾನು ಅಂಥ ಫೋನ್ ಮಾಡಿದ ನೆನಪೇ ನನಗಿಲ್ಲ. ರುದ್ರೇಶಣ್ಣ ಸುಳ್ಳು ಹೇಳುವವರೂ ಅಲ್ಲ. ಹಾಗಾದರೆ ನನ್ನ ಹೆಸರು ಹೇಳಿ, ನನ್ನ ದನಿಯಲ್ಲಿ ಬೇರೆ ಯಾರೋ ಮಾತಾಡಿರಬೇಕು. ಹಾಗೆ ಯೋಚಿಸುತ್ತಾ ಹೋದಾಗ ನನಗೆ ಗೀತಾ ನೆನಪಾದಳು. ಅವಳು ಶಾಲೆಯಲ್ಲಿದ್ದಾಗ ಟೀಚರುಗಳ ದನಿ ಮಾಡಿ ಇಡೀ ತರಗತಿಯನ್ನು ನಗಿಸುತ್ತಿದ್ದ ಹುಡುಗಿ. ಅತ್ತೆಯ ದನಿಯನ್ನಂತೂ ನನ್ನೆದುರಿಗೇ ಎಷ್ಟೋ ಸಲ ಮಾಡಿದ್ದಾಳೆ. ದಿನಾ ಮಧ್ಯಾಹ್ನ ಮಗ್ಗದ ಮನೆಯಲ್ಲಿ ಕೂರುವವಳೂ ಅವಳೇ. ನಮ್ಮ ಅಡುಗೆ, ಅತ್ತೆಯ ಮಂಡಿ ಎರಡೂ ಅವಳಿಗೆ ಗೊತ್ತಿರುತ್ತದೆ.

ಅನುಮಾನ ಒಂದು ಸಲ ಹತ್ತಿಕೊಂಡರೆ ಏನೆಲ್ಲ ಮಾಡಿಸುತ್ತದೆ ನೋಡಿ. ಗೀತಾ ಬಂದಾಗಲೆಲ್ಲ ಅವಳ ಫೋನ್ ಎಲ್ಲಿದೆ ಅಂತ ನೋಡುತ್ತಿದ್ದೆ. ಅವಳು ನಕ್ಕರೆ ನನ್ನನ್ನೇ ನೋಡಿ ನಗುತ್ತಿದ್ದಾಳೆ ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಕಂಡಿಕೆ ಸುತ್ತುತ್ತಿದ್ದವಳ ಮುಂದೆ ನಿಂತು ಕೇಳಿಯೇಬಿಟ್ಟೆ.

"ಲಲಿತಾ ಅಂತ ಹೆಸರಿಟ್ಕೊಂಡು ಮಾತಾಡ್ತಿರೋದು ನೀನೇ ತಾನೆ?"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟಳು. "ಅತ್ತಿಗೆ, ನಂಗೆ ನಿಮ್ಮ ಗ್ರೂಪು ಯಾವ್ದು ಅಂತಾನೂ ಗೊತ್ತಿಲ್ಲ. ಇಷ್ಟು ವರ್ಷ ಆದ್ಮೇಲೆ ಈ ಮಾತು ಕೇಳ್ಬೇಕಾಯ್ತಲ್ಲ ನಿಮ್ ಬಾಯಲ್ಲಿ" ಅಂದು ಎದ್ದು ಹೋದಳು. ಮಾರನೆಯ ದಿನದಿಂದ ಬರಲಿಲ್ಲ. ಅತ್ತೆ ನನ್ನ ಹತ್ತಿರ ಮಾತು ಕಡಿಮೆ ಮಾಡಿದರು. ನಮ್ಮ ಮನೆಯವರಿಗೆ ತಂಗಿ ಅಂದರೆ ಜೀವ. "ಒಂದು ಫೋನಿಗೋಸ್ಕರ ಮನೆ ಮುರೀತಿದ್ದೀಯ" ಅಂತ ಒಂದೇ ಮಾತು ಹೇಳಿ ಮಗ್ಗದ ಮನೆಗೆ ಹೋದರು.

ಲಲಿತಾ ಮಾತ್ರ ದಿನಾ ಮಾತಾಡುತ್ತಲೇ ಇದ್ದಳು. ಗೀತಾ ನಮ್ಮ ಮನೆಗೆ ಕಾಲಿಡದ ದಿನಗಳಲ್ಲೂ ಅವಳ ಮಾತಿನ ಹಿಂದೆ ಕುಂಟಮ್ಮ ಓಡುತ್ತಿತ್ತು. ಗೀತಾ ಮೊದಲೇ ಫೋನಿನಲ್ಲಿ ಸದ್ದು ತುಂಬಿಸಿ ಇಟ್ಟುಕೊಂಡಿರಬೇಕು ಅಂದುಕೊಂಡೆನೇ ಹೊರತು, ಅವಳಲ್ಲದೆ ಬೇರೆ ಯಾರೋ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಒಮ್ಮೆ ಲಲಿತಾ, "ನಮ್ಮ ಮಹಡಿ ಮೇಲಿಂದ ಮಾಕಳಿದುರ್ಗ ಎಷ್ಟು ಚೆನ್ನಾಗಿ ಕಾಣ್ತಿದೆ ಇವತ್ತು" ಅಂದಳು. ನಾನು ಮೆಟ್ಟಿಲು ಹತ್ತಿ ಹೋಗಿ ನೋಡಿದೆ. ಮಂಜು ಸರಿದು, ಬೆಟ್ಟ ಕೋಟೆಯ ಸಮೇತ ಕಾಣುತ್ತಿತ್ತು.

ಕೊನೆಗೆ ಪುಷ್ಪಳೇ ಒಂದು ದಾರಿ ಹೇಳಿದಳು. ಭಾನುವಾರ ಮಧ್ಯಾಹ್ನ ಗ್ರೂಪಿನವರೆಲ್ಲ ಫೋನಿನಲ್ಲೇ ಒಟ್ಟಿಗೆ ಕೂತು ಒಬ್ಬೊಬ್ಬರಾಗಿ ಹಾಡುವ ಪದ್ಧತಿ ಇತ್ತು. ಲಲಿತಾ ಅದಕ್ಕೆ ತಪ್ಪದೆ ಬರುತ್ತಿದ್ದಳು. "ಆವತ್ತು ಮನೆಯವರನ್ನೆಲ್ಲ ಎದುರಿಗೆ ಕೂರಿಸ್ಕೋ. ಮಗ್ಗ ನಿಲ್ಸು. ನಾನೂ ಬರ್ತೀನಿ. ಅವಳು ಮಾತಾಡ್ಲಿ, ನೋಡೋಣ" ಅಂದಳು. ಗೀತಾಳನ್ನು ಕರೆಯಲು ನನಗೆ ಮುಖವಿರಲಿಲ್ಲ. ಅತ್ತೆಯೇ ಹೋಗಿ ಕರೆತಂದರು. ಅವಳು ಬಂದು, ನನ್ನ ಮುಖ ನೋಡದೆ, ಜಗುಲಿಯ ಅಂಚಿನಲ್ಲಿ ಕೂತಳು. ಫೋನನ್ನು ನಾನು ಕೇಳುವ ಮೊದಲೇ ತೆಗೆದು ನೆಲದ ಮೇಲಿಟ್ಟಳು. ಅದು ನನಗೆ ಈಗಲೂ ಚುಚ್ಚುತ್ತದೆ.

ಮಗ್ಗ ನಿಲ್ಲಿಸುವ ಅಗತ್ಯವೇ ಬೀಳಲಿಲ್ಲ. ಲೈನ್ ಕೆಲಸ ಅಂತ ಆವತ್ತು ಬೆಳಿಗ್ಗೆಯೇ ಕರೆಂಟು ತೆಗೆದಿದ್ದರು. ನಮ್ಮ ಓಣಿ, ಪಕ್ಕದ ಓಣಿ, ಆಚೆ ಬೀದಿ ಯಾವುದರಲ್ಲೂ ಒಂದು ಮಗ್ಗದ ಸದ್ದಿಲ್ಲ. ವಿಜಯಪುರದಿಂದ ಬಸ್ಸಿಳಿದು ನಡೆದುಬಂದ ಪುಷ್ಪ, "ಏನೇ ಇದು, ನಿಮ್ಮೂರು ಸತ್ತ ಹಾಗಿದೆಯಲ್ಲ" ಅಂದಳು. ನಮ್ಮ ಮನೆಯವರು, ಅತ್ತೆ, ಗೀತಾ, ಪುಷ್ಪ ಎಲ್ಲರೂ ಜಗುಲಿಯ ಮೇಲೆ, ನನ್ನ ಕಣ್ಣ ಮುಂದೆ. ಬಿಸಿಲು ಚೆನ್ನಾಗಿತ್ತು. ಹೆದರುವಂಥ ಹೊತ್ತೇ ಅಲ್ಲ ಅದು.

ನಾನು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ ನಡುವೆ ಇಟ್ಟೆ. ನಮ್ಮ ಮಾತು ಆ ಕಡೆಗೆ ಹೋಗದ ಹಾಗೆ ಮೈಕನ್ನು ಮುಚ್ಚಿದ್ದೆ. ಇದನ್ನು ಪುಷ್ಪ ಎರಡು ಸಲ ನೋಡಿದಳು. ರುದ್ರೇಶಣ್ಣ ಹಾಡಿದರು. ಹೊಸಕೋಟೆಯವರೊಬ್ಬರು ಹಾಡಿದರು. ನಡುವೆ ಯಾವ ಊರಿನಲ್ಲಿ ಕರೆಂಟಿದೆ, ಯಾವ ಊರಿನಲ್ಲಿ ಇಲ್ಲ ಅನ್ನುವ ಮಾತಾಯಿತು. ಆಗ ಆ ಮೂಗಿನ ದನಿ ಬಂತು.

"ದೊಡ್ಡಬಳ್ಳಾಪುರದಲ್ಲಿ ಕರೆಂಟಿಲ್ವಾ? ನಮ್ಮನೇಲಿ ಇದೆಯಲ್ಲ, ಕೇಳಿಸ್ತಿಲ್ವಾ?"

ಅವಳ ಹಿಂದೆ ಮಗ್ಗ ಓಡುತ್ತಿತ್ತು. ಆ ಕಡೆಗೆ ಒಂದು, ಈ ಕಡೆಗೆ ಒಂದೂವರೆ.

ಗೀತಾ ತಲೆ ಎತ್ತಿ ತನ್ನ ಅಣ್ಣನನ್ನು ನೋಡಿದಳು. ಅತ್ತೆ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ನಮ್ಮ ಮನೆಯವರು ಅಲ್ಲಿಯವರೆಗೆ ಇದೆಲ್ಲ ಹೆಂಗಸರ ಕಿತಾಪತಿ ಅನ್ನುವ ಹಾಗೆ ಗೋಡೆಗೊರಗಿ ಕೂತಿದ್ದರು. ಈಗ ಬಗ್ಗಿ ಫೋನಿನ ಹತ್ತಿರ ಕಿವಿ ತಂದರು.

"ಇದು ನಮ್ದೇ" ಅಂದರು. "ಎರಡನೇದು."

"ಯಾರೋ ತುಂಬಿಸಿಟ್ಕೊಂಡು ಹಾಕ್ತಿದಾರೆ" ಅಂದೆ ನಾನು. ಆದರೆ ಈಗ ಯಾರ ಹೆಸರು ಹೇಳಲಿ? ಗೀತಾ ಎದುರಿಗೇ ಕೂತಿದ್ದಳು.

"ಇರಿ, ಒಳಗೆ ಯಾರಾದ್ರೂ ಸೇರ್ಕೊಂಡಿದಾರಾ ನೋಡ್ತೀನಿ" ಅಂತ ಅವರು ಎದ್ದು ಹಿತ್ತಲಿಗೆ ಹೋದರು. ಮಗ್ಗದ ಮನೆಯ ತಗಡಿನ ಬಾಗಿಲು ಕಿರ್ರ್ ಅಂತ ಉಜ್ಜಿಕೊಂಡು ತೆರೆದದ್ದು ನಮಗೆ ಜಗುಲಿಗೆ ಕೇಳಿಸಿತು. ಮರುಗಳಿಗೆಯಲ್ಲೇ ಅದೇ ಕಿರ್ರ್ ಫೋನಿನಿಂದಲೂ ಬಂತು.

ಫೋನಿನಲ್ಲಿ ಮಗ್ಗ ನಿಂತಿತು. ಸ್ವಿಚ್ ಆರಿಸಿದ ಮೇಲೆ ಲಾಳಿ ಇನ್ನೊಂದು ಸಲ ಓಡಿ ನಿಲ್ಲುತ್ತದಲ್ಲ, ಹಾಗೆ ನಿಂತಿತು.

"ಒಂದ್ನಿಮಿಷ ಇರಿ ಎಲ್ಲಾರೂ" ಅಂದಳು ಲಲಿತಾ. "ಯಾರೋ ಬಾಗಿಲು ತಳ್ಳಿದ ಹಾಗಾಯ್ತು." ಆಮೇಲೆ ಸ್ವಲ್ಪ ದೂರದಿಂದ, ಇನ್ಯಾರನ್ನೋ ಕೇಳುವ ಹಾಗೆ, "ಯಾರದು? ಯಾರು ಅಲ್ಲಿ?" ಅನ್ನುವುದು ಕೇಳಿಸಿತು. ಆ ದನಿಯಲ್ಲಿ ಆಟವಿರಲಿಲ್ಲ. ಮನೆಯಲ್ಲಿ ಒಬ್ಬಳೇ ಇರುವಾಗ ಹೆಂಗಸು ಕೇಳುವ ದನಿ ಅದು. ಆಮೇಲೆ ಏನೂ ಇಲ್ಲ. ರುದ್ರೇಶಣ್ಣ ಎರಡು ಸಲ "ಲಲಿತಮ್ಮಾ" ಅಂತ ಕೂಗಿ, "ನೆಟ್‌ವರ್ಕ್ ಹೋಯ್ತೇನೋ" ಅಂದು ಮುಂದಿನವರನ್ನು ಹಾಡಲು ಕರೆದರು.

ನಮ್ಮ ಮನೆಯವರು ಹಿತ್ತಲಿನಿಂದ ನಗುತ್ತಾ ಬಂದರು. "ಒಳಗೆ ಒಂದು ಇಲಿನೂ ಇಲ್ಲ" ಅಂದರು. ನಮ್ಮ ಮುಖಗಳನ್ನು ನೋಡಿದ ಮೇಲೆ ನಗು ನಿಲ್ಲಿಸಿದರು. ಅವರಿಗೆ ಒಳಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಯಾವ ದನಿಯೂ ಕೇಳಿಸಿರಲಿಲ್ಲ.

ಪುಷ್ಪ ಸಂಜೆಯವರೆಗೆ ಇರುತ್ತೇನೆ ಅಂದಿದ್ದವಳು ಕಾಫಿಯನ್ನೂ ಕುಡಿಯದೆ ಬಸ್ ಸ್ಟ್ಯಾಂಡಿಗೆ ಹೊರಟಳು. ನಾನು ಗೀತಾಳ ಪಕ್ಕ ಹೋಗಿ ಕೂತೆ. ನೆಲದ ಮೇಲಿದ್ದ ಅವಳ ಫೋನನ್ನು ಎತ್ತಿ ಕೊಟ್ಟೆ. ಅವಳೇ ನನ್ನ ಕೈ ಹಿಡಿದುಕೊಂಡು, "ಬಿಡಿ ಅತ್ತಿಗೆ" ಅಂದಳು.

ಮಾರನೆಯ ಬೆಳಿಗ್ಗೆ ಲಲಿತಾಳಿಂದ ನನಗೊಬ್ಬಳಿಗೇ ಮೆಸೇಜು ಬಂತು. ಅಲ್ಲಿಯವರೆಗೆ ಅವಳು ನನಗೆ ಬೇರೆಯಾಗಿ ಏನನ್ನೂ ಬರೆದವಳಲ್ಲ.

"ಅಕ್ಕಾ, ನಿನ್ನೆ ನಿಮ್ಮ ಮನೆಯವರು ಯಾರಾದ್ರೂ ನಮ್ಮನೆಗೆ ಬಂದಿದ್ರಾ?"

ನಿಮ್ಮ ಮನೆ ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ ಅಂತ ಬರೆದೆ. ಅವಳು ತುಂಬ ಹೊತ್ತು ಏನನ್ನೋ ಬರೆಯುತ್ತಿದ್ದಳು.

"ಬಾಗಿಲ ಸದ್ದಾಯ್ತು ಅಂತ ಹೋಗಿ ನೋಡ್ದೆ. ಒಬ್ರು ಎರಡನೇ ಮಗ್ಗದ ಮೇಲೆ ಕೈ ಇಟ್ಕೊಂಡು ಬಗ್ಗಿ ನಿಂತಿದ್ರು. ಬೆನ್ನು ಮಾತ್ರ ಕಾಣ್ತಿತ್ತು. ಯಾರು ಅಂತ ಕೇಳಿದ್ರೆ ತಿರುಗ್ಲೇ ಇಲ್ಲ. ಆಮೇಲೆ ನೋಡಿದ್ರೆ ಇಲ್ಲ. ನಿಮ್ಮನ್ನ ಯಾಕೆ ಕೇಳ್ತಿದೀನಿ ಅಂದ್ರೆ, ಸ್ವಲ್ಪ ದಿನದಿಂದ ನಮ್ಮ ಮಗ್ಗದ ಮನೇಲಿ ನಿಮ್ಮ ದನಿ ಕೇಳುತ್ತೆ. ಫೋನಲ್ಲಿ ಅಲ್ಲ. ಮೊನ್ನೆ ಯಾರನ್ನೋ ಬೈತಿದ್ರಿ, ನೀನೇ ತಾನೆ, ನೀನೇ ತಾನೆ ಅಂತ. ನಮ್ಮತ್ತೆ ತುಂಬ ಹೆದರಿದಾರೆ. ನಾನು ನಿಮಗೇನೂ ಮಾಡಿಲ್ಲ ಅಕ್ಕಾ. ದಯವಿಟ್ಟು ಬರ್ಬೇಡಿ."

ನಾನು ಅದಕ್ಕೆ ಉತ್ತರ ಬರೆಯದೆ ಮೊದಲು ನಮ್ಮ ಮನೆಯವರ ಹತ್ತಿರ ಹೋದೆ. ಮೆಸೇಜಿನ ವಿಷಯ ಎತ್ತದೆ, ನಿನ್ನೆ ಒಳಗೆ ಹೋದವರು ಏನು ಮಾಡಿದಿರಿ ಅಂತ ಕೇಳಿದೆ. "ಏನ್ ಮಾಡ್ಲಿ? ಸುತ್ತ ನೋಡ್ದೆ. ಎರಡನೇದರ ಮೇಲೆ ಕೈ ಇಟ್ಟು ಕೆಳಗೆ ಬಗ್ಗಿ ನೋಡ್ದೆ, ಯಾರಾದ್ರೂ ಬಚ್ಚಿಟ್ಕೊಂಡಿದಾರಾ ಅಂತ" ಅಂದರು. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದಕ್ಕೂ ತಗಡು ಹೊಡೆದಿದೆ. ಹೊರಗಿನಿಂದ ಯಾರೂ ಇಣುಕುವಂತಿಲ್ಲ.

ನಾನು ವಾಪಸ್ಸು ಬಂದು ಫೋನ್ ತೆಗೆಯುವಷ್ಟರಲ್ಲಿ ಲಲಿತಾ ಗ್ರೂಪ್ ಬಿಟ್ಟಿದ್ದಳು. ಆ ನಂಬರಿಗೆ ಮಾಡಿದರೆ ಚಾಲ್ತಿಯಲ್ಲಿಲ್ಲ ಅನ್ನುವ ಉತ್ತರ ಬಂತು. ಆ ಮೇಲೆ ಎಷ್ಟು ಸಲ ಮಾಡಿದರೂ ಅದೇ.

ನಮ್ಮ ಓಣಿ, ಅಕ್ಕಪಕ್ಕದ ಓಣಿಗಳಲ್ಲಿ ಮೂಗಿನ ದನಿಯ ಲಲಿತಾ ಅನ್ನುವವರು ಇದ್ದಾರಾ ಅಂತ ವಿಚಾರಿಸಿದ್ದೇನೆ. ಹಳಬರನ್ನೂ ಕೇಳಿದ್ದೇನೆ. ಆ ಹೆಸರಿನವರು ನಮ್ಮ ಮನೆಯಲ್ಲಿ ಹಿಂದೆ ಯಾವತ್ತೂ ಇರಲಿಲ್ಲ ಅಂತ ಅತ್ತೆ ಹೇಳುತ್ತಾರೆ. ಯಾರೋ ಬಹಳ ಜಾಣರು ನಮ್ಮನ್ನು ಮಂಗ ಮಾಡಿರಬಹುದು ಅಂತ ಈಗಲೂ ಕೆಲವು ದಿನ ಅನ್ನಿಸುತ್ತದೆ. ಯಾಕೆ ಮಾಡಿದರು, ಅದರಿಂದ ಅವರಿಗೆ ಏನು ಸಿಕ್ಕಿತು ಅಂತ ಯೋಚಿಸಿದರೆ ದಾರಿ ಮುಂದೆ ಹೋಗುವುದಿಲ್ಲ. ಗ್ರೂಪು ಮೊದಲಿನ ಹಾಗೆಯೇ ಇದೆ. ತಿಂಡಿ ಏನು, ಅವರೆಕಾಯಿ ಹೇಗೆ ಕೊಟ್ಟರು ಅನ್ನುವ ಮಾತುಗಳು ಬರುತ್ತಲೇ ಇರುತ್ತವೆ. ಪುಷ್ಪ ನನ್ನ ಹತ್ತಿರ ಎಲ್ಲ ಮಾತಾಡುತ್ತಾಳೆ, ಆ ಭಾನುವಾರದ ವಿಷಯ ಒಂದನ್ನು ಬಿಟ್ಟು. ಗೀತಾ ಮತ್ತೆ ಬರುತ್ತಾಳೆ, ಆದರೆ ಕಂಡಿಕೆ ಸುತ್ತುವುದು ಜಗುಲಿಯಲ್ಲಿ ಕೂತು.

ಲಲಿತಾ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಆ ಕೊನೆಯ ಮಾತು ಓದಿದ ದಿನದಿಂದ ನಾನು ಮಗ್ಗದ ಮನೆಗೆ ಹಾಗೇ ನುಗ್ಗುವುದಿಲ್ಲ. ಬೇರೆಯವರ ಮನೆಗೆ ಹೋದವರ ಹಾಗೆ ಬಾಗಿಲ ಮುಂದೆ ನಿಂತು ಒಂದು ಸಲ ಕೆಮ್ಮಿ, ಒಂದು ಗಳಿಗೆ ಬಿಟ್ಟು ಬಾಗಿಲು ತಳ್ಳುತ್ತೇನೆ. ಯಾಕೆ ಅಂತ ನಮ್ಮ ಮನೆಯವರು ಯಾವತ್ತೂ ಕೇಳಲಿಲ್ಲ. ಮೊನ್ನೆ ಬಟ್ಟೆ ಒಣಗಿಸುತ್ತಿದ್ದಾಗ ನೋಡಿದೆ, ಅವರೂ ಬಾಗಿಲ ಹತ್ತಿರ ನಿಂತು ಕೆಮ್ಮಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಒಳಗೆ ಹೋದರು.